ಮಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ 14,100 ಕಿ.ಮೀ. ಆದರೆ ಪ್ರಯಾಣಕ್ಕೆ 26 ಗಂಟೆ ಏಕೆ?

ಪರ್ಕಳದ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆಂದು ಜನವರಿಯಲ್ಲಿ ನಾನೂ ನಮ್ಮ ಯಜಮಾನರೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವವರಿದ್ದೇವೆ. ಇಬ್ಬರಿಗೂ ಇದು ಮೊದಲ ದೂರದ ವಿಮಾನ ಪ್ರಯಾಣ. ಯಜಮಾನರಿಗೆ ಮೊಣಕಾಲು ನೋವು ಇರುವುದರಿಂದ, ಒಟ್ಟು ಎಷ್ಟು ಹೊತ್ತು ಕುಳಿತಿರಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳೋಣವೆಂದು ಲೆಕ್ಕ ಹಾಕಲು ಕುಳಿತೆ. ಬ್ಯಾಂಕಿನಲ್ಲಿ ಮೂರು ದಶಕ ಲೆಕ್ಕ ಬರೆದವಳಿಗೂ ಇದು ತಾಳೆಯಾಗುತ್ತಿಲ್ಲ.

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ನೇರ ದೂರ ಸುಮಾರು 14,100 ಕಿ.ಮೀ. ಎಂದು ಅಂತರ್ಜಾಲ ಹೇಳುತ್ತದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದು ಹಿಡಿದರೆ ಹದಿನೈದು ಗಂಟೆ ನಲವತ್ತು ನಿಮಿಷ ಸಾಕು. ಆದರೆ ನಾನು ನೋಡಿದ ದುಬೈ ಮಾರ್ಗದಲ್ಲಿ ಮಂಗಳೂರಿನಿಂದ ರಾತ್ರಿ 12.30ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 1 ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತದೆ ಎಂದಿದೆ. ಗಡಿಯಾರ ನೋಡಿದರೆ ಹನ್ನೆರಡೂವರೆ ಗಂಟೆ, ಪಕ್ಕದಲ್ಲಿ ಬರೆದಿರುವುದು ಮಾತ್ರ 26 ಗಂಟೆ. ನೆರೆಮನೆಯವರು ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ನೇರ ವಿಮಾನದಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಅಲ್ಲಿ ಇಳಿದರಂತೆ. ಆ ಲೆಕ್ಕದಲ್ಲಿ ಮೂರೇ ಗಂಟೆ!

ಇನ್ನೊಂದು ಸಂಶಯ. ನಕ್ಷೆಯಲ್ಲಿ ಅಮೆರಿಕ ನಮಗೆ ಎಡಕ್ಕೂ ಇದೆ, ಜಪಾನಿನ ಆಚೆಗೆ ಬಲಕ್ಕೂ ಇದೆ. ವಿಮಾನ ಯಾವ ಕಡೆಯಿಂದ ಹೋಗುತ್ತದೆ? ಮಗಳನ್ನು ಕೇಳಿದರೆ "ಅಮ್ಮ, ಮೇಲಿನಿಂದ ಹೋಗುತ್ತದೆ" ಎಂದು ನಗುತ್ತಾಳೆ. ತಿಳಿದವರು ಬಿಡಿಸಿ ಹೇಳಬೇಕಾಗಿ ವಿನಂತಿ.

ಸುರತ್ಕಲ್ ಮಾಷ್ಟ್ರು

ನಿಮ್ಮ ಮಗಳು ಹೇಳಿದ್ದು ತಮಾಷೆಯಲ್ಲ ಅಮ್ಮ, ಅಕ್ಷರಶಃ ನಿಜ. ನಿಮ್ಮ ಪ್ರಶ್ನೆಯಲ್ಲಿ ದೂರ, ಹಾರುವ ಹೊತ್ತು ಮತ್ತು ಗಡಿಯಾರ ಎಂಬ ಮೂರು ಬೇರೆ ಬೇರೆ ಲೆಕ್ಕಗಳು ಒಂದರೊಳಗೊಂದು ಸೇರಿಕೊಂಡಿವೆ. ನಾನು ದೂರದ ಬಗ್ಗೆ ಮತ್ತು ಗಡಿಯಾರದ ಬಗ್ಗೆ ಬರೆಯುತ್ತೇನೆ. ಟಿಕೆಟ್ ವ್ಯವಹಾರ ತಿಳಿದವರು ಇಲ್ಲಿ ಬೇರೆ ಇದ್ದಾರೆ.

ಮನೆಯಲ್ಲಿ ಮಕ್ಕಳ ಭೂಗೋಲ ಇದ್ದರೆ ಒಂದು ದಾರದ ತುದಿಯನ್ನು ಮಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ಎಡಕ್ಕೂ ಹೋಗುವುದಿಲ್ಲ, ಬಲಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಸ್ವಲ್ಪ ಪೂರ್ವಕ್ಕೆ ವಾಲಿದಂತೆ ನೇರ ಮೇಲಕ್ಕೆ ಏರುತ್ತದೆ. ನೇಪಾಳ, ಟಿಬೆಟ್, ಚೀನಾದ ಪಶ್ಚಿಮ ಭಾಗ, ಸೈಬೀರಿಯಾ ದಾಟಿ ಉತ್ತರ ಅಕ್ಷಾಂಶ 73 ಡಿಗ್ರಿಯವರೆಗೆ, ಅಂದರೆ ಆರ್ಕ್‌ಟಿಕ್ ಸಾಗರದ ಅಂಚಿನವರೆಗೆ ಹೋಗಿ, ಅಲಾಸ್ಕದ ಕಡೆಯಿಂದ ಕೆಳಗಿಳಿದು ಕ್ಯಾಲಿಫೋರ್ನಿಯ ಸೇರುತ್ತದೆ. ಗೋಲದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರದ ಈ ಗೆರೆಗೆ ಮಹಾವೃತ್ತ ಎಂದು ಹೆಸರು. ನೀವು ಹೇಳಿದ 14,100 ಕಿ.ಮೀ. ಈ ಗೆರೆಯ ಉದ್ದ.

ಗೋಡೆಯ ನಕ್ಷೆ ನಮ್ಮನ್ನು ದಾರಿ ತಪ್ಪಿಸುವುದು ಏಕೆಂದರೆ ಅದು ರೇಖಾಂಶಗಳನ್ನೆಲ್ಲ ಸಮಾನ ಅಂತರದ ಕಂಬಗಳಂತೆ ನಿಲ್ಲಿಸಿಬಿಡುತ್ತದೆ. ಮಂಗಳೂರಿನ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ 108 ಕಿ.ಮೀ.; 60 ಡಿಗ್ರಿ ಅಕ್ಷಾಂಶಕ್ಕೆ ಹೋದರೆ ಅದು ಅರ್ಧವಾಗಿ ಸುಮಾರು 56 ಕಿ.ಮೀ. ಆಗುತ್ತದೆ, 80 ಡಿಗ್ರಿಯಲ್ಲಿ ಬರೀ 19 ಕಿ.ಮೀ. ಭೂಮಿಯ ಆ ಬದಿಗೆ ಹೋಗಬೇಕಾದ ವಿಮಾನಕ್ಕೆ ರೇಖಾಂಶಗಳನ್ನು ಎಲ್ಲಿ ದಾಟಿದರೂ ಒಂದೇ, ಆದ್ದರಿಂದ ಅವು ಒತ್ತೊತ್ತಾಗಿರುವ ಕಡೆ ದಾಟುವುದು ಲಾಭ.

ಇದನ್ನು ನೀವೇ ಕೈಲೆಕ್ಕದಲ್ಲಿ ಪರೀಕ್ಷಿಸಬಹುದು. ನಿಮ್ಮ ದಾರಿಯಲ್ಲಿರುವ ದುಬೈ 55 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮದಲ್ಲಿದೆ. ಕೂಡಿಸಿದರೆ 177, ಅಂದರೆ ಇವೆರಡೂ ಧ್ರುವದ ಆಚೆ ಈಚೆ ಹೆಚ್ಚುಕಡಿಮೆ ಎದುರುಬದುರಾಗಿವೆ. ದುಬೈಯ ಅಕ್ಷಾಂಶ ಸುಮಾರು 25, ಅಲ್ಲಿಂದ ಉತ್ತರ ಧ್ರುವಕ್ಕೆ 65 ಡಿಗ್ರಿ ಏರಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಅಕ್ಷಾಂಶ 37.6, ಧ್ರುವದಿಂದ ಅಲ್ಲಿಗೆ 52.4 ಡಿಗ್ರಿ ಇಳಿಯಬೇಕು. ಒಟ್ಟು 117 ಡಿಗ್ರಿ ಚಿಲ್ಲರೆ. ಭೂಮಿಯ ಮೇಲ್ಮೈಯಲ್ಲಿ ಒಂದು ಡಿಗ್ರಿಗೆ 111 ಕಿ.ಮೀ.ಯಂತೆ ಗುಣಿಸಿದರೆ 13,000 ಕಿ.ಮೀ. ದಾಟುತ್ತದೆ. ವಿಮಾನಯಾನದ ಪಟ್ಟಿಗಳಲ್ಲಿ ಕಾಣುವ ದೂರವೂ ಇಷ್ಟೇ. ಹೈಸ್ಕೂಲಿನ ಗಣಿತದಲ್ಲಿ ಇಷ್ಟು ಚೊಕ್ಕವಾಗಿ ಕೂಡುವ ನಿಜಜೀವನದ ಉದಾಹರಣೆ ಸಿಗುವುದು ಅಪರೂಪ, ಹಾಗಾಗಿ ಸ್ವಲ್ಪ ಹೆಚ್ಚು ಹೊತ್ತು ಇಲ್ಲೇ ನಿಂತೆ, ಕ್ಷಮಿಸಿ.

ಈಗ ಗಡಿಯಾರ. ಭಾರತದ ಸಮಯ ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ. ಕ್ಯಾಲಿಫೋರ್ನಿಯ ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ. ನಡುವಿನ ಅಂತರ ಹದಿಮೂರೂವರೆ ಗಂಟೆ. ನೀವು ಹೇಳಿದ ಮಧ್ಯಾಹ್ನ 1 ಗಂಟೆಗೆ ಹದಿಮೂರೂವರೆ ಸೇರಿಸಿದರೆ ನಮ್ಮಲ್ಲಿ ಮರುದಿನದ ನಸುಕು 2.30. ಹಿಂದಿನ ರಾತ್ರಿ 12.30ರಿಂದ ಅಲ್ಲಿಯವರೆಗೆ ಎಣಿಸಿ, ಸರಿಯಾಗಿ 26 ಗಂಟೆ. ನೆರೆಮನೆಯವರ ಮೂರು ಗಂಟೆಗೂ ಇದೇ ಮದ್ದು: ಮೂರಕ್ಕೆ ಹದಿಮೂರೂವರೆ ಸೇರಿಸಿದರೆ ಹದಿನಾರೂವರೆ ಗಂಟೆ. ನಿಮ್ಮ ಮೊದಲ ಅಂದಾಜಿಗೆ ಇದು ಎಷ್ಟು ಹತ್ತಿರವಿದೆ ನೋಡಿ.

ಹಂಪನಕಟ್ಟೆ ಟಿಕೆಟ್

ಮಾಷ್ಟ್ರು ಆಕಾಶದ ಲೆಕ್ಕ ಹೇಳಿದ್ದಾರೆ, ನಾನು ನೆಲದ ಲೆಕ್ಕ ಹೇಳುತ್ತೇನೆ. ಟಿಕೆಟ್ ಮಾರುವ ಕೆಲಸದಲ್ಲಿ ಕೂದಲು ನರೆತವನ ಮಾತು ಎಂದು ತಿಳಿಯಿರಿ.

ನಿಮ್ಮ 26 ಗಂಟೆಯನ್ನು ಬಿಡಿಸಿದರೆ ಹೀಗಾಗುತ್ತದೆ: ಮಂಗಳೂರಿನಿಂದ ದುಬೈಗೆ ಮೂರು ಗಂಟೆ ನಲವತ್ತು ನಿಮಿಷ, ದುಬೈಯಲ್ಲಿ ಕಾಯುವುದು ಐದು ಗಂಟೆ ಐವತ್ತು ನಿಮಿಷ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹದಿನಾರೂವರೆ ಗಂಟೆ. ಅಂದರೆ ಹಾರಾಟ ಇಪ್ಪತ್ತು ಗಂಟೆ ಹತ್ತು ನಿಮಿಷ, ಉಳಿದದ್ದು ಕಾಯುವಿಕೆ. ಹಾರಾಟ ಎಂದು ಟಿಕೆಟ್‌ನಲ್ಲಿ ಬರೆದಿರುವುದೂ ಪೂರ್ತಿ ಹಾರಾಟವಲ್ಲ. ವಿಮಾನ ನಿಂತ ಜಾಗದಿಂದ ಅಲುಗಾಡಿದ ಕ್ಷಣದಿಂದ ಹಿಡಿದು ಆ ತುದಿಯಲ್ಲಿ ಬಂದು ನಿಲ್ಲುವ ತನಕದ ಹೊತ್ತು ಅದು. ಇದನ್ನು ನಮ್ಮಲ್ಲಿ ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇಗೆ ಸರದಿಯಲ್ಲಿ ಕಾಯುವ ಹೊತ್ತೂ ಅದರೊಳಗೇ ಬರುತ್ತದೆ, ತಡವಾದರೂ ಸಮಯಕ್ಕೆ ತಲುಪಿದೆವು ಎನ್ನಿಸಿಕೊಳ್ಳಲು ಕಂಪೆನಿಗಳು ಇಟ್ಟುಕೊಳ್ಳುವ ಸ್ವಲ್ಪ ಹೆಚ್ಚುವರಿಯೂ ಬರುತ್ತದೆ.

ಟಿಕೆಟ್ ಓದುವಾಗ ತಲುಪುವ ಸಮಯದ ಬಲ ಮೂಲೆಯಲ್ಲಿ, ಇರುವೆಯಷ್ಟು ಸಣ್ಣದಾಗಿ, +1 ಎಂಬ ಗುರುತು ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿ. ಇದ್ದರೆ ಮರುದಿನ, +2 ಎಂದಿದ್ದರೆ ಅದರ ಮರುದಿನ. ಹೋಗುವಾಗ ಸಾಮಾನ್ಯವಾಗಿ ಇರುವುದಿಲ್ಲ, ಬರುವಾಗ ಇದ್ದೇ ಇರುತ್ತದೆ. ಈ ಗುರುತನ್ನು ಗಮನಿಸದೆ ಹಿಂದಿನ ದಿನವೇ ಬಜ್ಪೆಗೆ ಕಾರು ಕಳಿಸಿದ ಮನೆಗಳನ್ನು ನಾನು ನೋಡಿದ್ದೇನೆ.

ದೂರಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ನೀವು ನೋಡಿದ ದುಬೈ ಮಾರ್ಗ ಒಂದೇ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಮೇಲಿದೆಯೇ, ಅಥವಾ ಯಾವುದೋ ಜಾಲತಾಣ ಎರಡು ಬೇರೆ ಕಂಪೆನಿಗಳ ಟಿಕೆಟ್‌ಗಳನ್ನು ಜೋಡಿಸಿ ತೋರಿಸಿದೆಯೇ? 2006ರಲ್ಲಿ ಮಂಗಳೂರು-ದುಬೈ ವಿಮಾನ ಶುರುವಾದ ಮೇಲೆ ಕೊಲ್ಲಿಗೆ ಹೋಗುವ ನಮ್ಮ ಜನರಿಗೆ ಬಹಳ ಉಪಕಾರವಾಗಿದೆ, ಆದರೆ ಬಜ್ಪೆಯಿಂದ ಕೊಲ್ಲಿಗೆ ಹಾರುವವು ಹೆಚ್ಚಾಗಿ ಕಡಿಮೆ ದರದ ಸೇವೆಗಳು. ಅವುಗಳ ಟಿಕೆಟ್ ಮತ್ತು ಅಮೆರಿಕದ ಟಿಕೆಟ್ ಬೇರೆ ಬೇರೆ ಆಗಿದ್ದರೆ ದುಬೈಯಲ್ಲಿ ಪೆಟ್ಟಿಗೆ ಬಿಡಿಸಿಕೊಂಡು ಹೊರಗೆ ಬಂದು ಮತ್ತೆ ಚೆಕ್ ಇನ್ ಮಾಡಬೇಕಾಗಬಹುದು, ಹೊರಗೆ ಬರಲು ಆ ದೇಶದ ವೀಸಾ ಬೇಕಾಗಬಹುದು, ಮತ್ತು ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಆಗ 26 ಗಂಟೆ ಎಂಬ ಅಂಕಿಗೆ ಅರ್ಥವೇ ಇರುವುದಿಲ್ಲ. ವಯಸ್ಸಾದ ಇಬ್ಬರು, ಅದರಲ್ಲೂ ಒಬ್ಬರಿಗೆ ಕಾಲುನೋವು ಎಂದಮೇಲೆ, ಸ್ವಲ್ಪ ಹಣ ಹೆಚ್ಚಾದರೂ ಪೆಟ್ಟಿಗೆ ನೇರ ಸ್ಯಾನ್ ಫ್ರಾನ್ಸಿಸ್ಕೊ ತನಕ ಹೋಗುವ ಒಂದೇ ಟಿಕೆಟ್ ತೆಗೆದುಕೊಳ್ಳಿ.

ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ ಬರೆಸಿ. ಅದಕ್ಕೆ ಬೇರೆ ಶುಲ್ಕವಿರುವುದಿಲ್ಲ, ಕೊನೇ ಗಳಿಗೆಯಲ್ಲಿ ಕೇಳಿದರೆ ಕಾಯಬೇಕಾಗುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವ ದೂರವನ್ನು ಯಾವ ಜಾಲತಾಣವೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ.

ಪರ್ಕಳದ ನಿವಾಸಿ

ಮಾಷ್ಟ್ರಿಗೂ ಹಂಪನಕಟ್ಟೆಯವರಿಗೂ ತುಂಬ ಧನ್ಯವಾದಗಳು. ದಾರದ ಪರೀಕ್ಷೆಯನ್ನು ಮೊಮ್ಮಗನ ಭೂಗೋಲದ ಮೇಲೆ ಮಾಡಿ ನೋಡಿದೆ, ನೀವು ಹೇಳಿದಂತೆಯೇ ಹಿಮಾಲಯದ ಮೇಲೆ ಹತ್ತಿತು. ಹಾಗಾದರೆ ಎರಡು ವಿಷಯ ಕೇಳುತ್ತೇನೆ. ದುಬೈ, ದೆಹಲಿ, ಬೆಂಗಳೂರು, ಯುರೋಪ್ ಇವುಗಳಲ್ಲಿ ಯಾವುದರ ಮೂಲಕ ಹೋದರೆ ಸುತ್ತು ಕಡಿಮೆ? ಹಾಗೆಯೇ, ದಾರ ಎಳೆದ ಗೆರೆಯಲ್ಲೇ ವಿಮಾನ ನಿಜವಾಗಿಯೂ ಹೋಗುತ್ತದೆಯೇ? ಬಜ್ಪೆಯಿಂದಲೇ ನೇರ ವಿಮಾನ ಏಕಿಲ್ಲ ಎಂದು ಯಜಮಾನರು ಕೇಳುತ್ತಿದ್ದಾರೆ, ಅದು ಮೂರನೆಯದು.

ಕಾಪು ಕಡಲತಡಿ

ನಾನು ಕೊಲ್ಲಿಯಲ್ಲಿ ವಿಮಾನಗಳ ನಿರ್ವಹಣಾ ವಿಭಾಗದಲ್ಲಿ ಕೆಲಸ ಮಾಡುವವನು. ಯಜಮಾನರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಚಿಕ್ಕದು.

ಬಜ್ಪೆಯ ರನ್‌ವೇ ಗುಡ್ಡದ ತಲೆ ಕಡಿದು ಮಾಡಿದ್ದು, ಉದ್ದ 2,450 ಮೀಟರ್. ಅಲ್ಲಿಂದ ದುಬೈಗೆ ಹೋಗುವ ಬೋಯಿಂಗ್ 737ರಂಥ ವಿಮಾನದ ಗರಿಷ್ಠ ತೂಕ 80 ಟನ್ನಿನ ಆಸುಪಾಸು. 14,000 ಕಿ.ಮೀ. ಹಾರಬೇಕಾದ ಬೋಯಿಂಗ್ 777-200ಎಲ್‌ಆರ್ ಪೂರ್ತಿ ಇಂಧನ ತುಂಬಿಕೊಂಡರೆ 347 ಟನ್ ತೂಗಬಹುದು, ಅದರಲ್ಲಿ ಇಂಧನವೇ ನೂರು ಟನ್ನಿಗೂ ಹೆಚ್ಚು. ಆ ಭಾರವನ್ನು ಮೇಲೆತ್ತಲು ಬೇಕಾದ ಓಟಕ್ಕೆ ನಮ್ಮ ಗುಡ್ಡ ಸಾಲದು. ಬೆಂಗಳೂರಿನ ಎರಡು ರನ್‌ವೇಗಳೂ ತಲಾ 4,000 ಮೀಟರ್. ಅಲ್ಲಿ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರವಿರುವುದರಿಂದ ಗಾಳಿ ತೆಳುವಾಗಿದ್ದು ಓಟ ಇನ್ನೂ ಉದ್ದ ಬೇಕಾಗುತ್ತದೆ, ಆ ಉದ್ದ ಅಲ್ಲಿ ಇದೆ.

ಸುತ್ತಿನ ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ದೆಹಲಿ ಮೂಲಕ ಹೋದರೆ ಒಟ್ಟು 14,130 ಕಿ.ಮೀ. ಆಸುಪಾಸು, ನೇರ ದೂರಕ್ಕಿಂತ ಇಪ್ಪತ್ತು ಮೂವತ್ತು ಕಿ.ಮೀ. ಮಾತ್ರ ಜಾಸ್ತಿ, ಉತ್ತರಕ್ಕೆ ಹೋಗುವ ದಾರಿಯಲ್ಲೇ ದೆಹಲಿ ಸಿಗುತ್ತದೆ. ಮುಂಬೈ ಮೂಲಕ ಸುಮಾರು 14,230, ಬೆಂಗಳೂರು ಮೂಲಕ 14,300. ದುಬೈ ಮೂಲಕ 15,500 ಆಗುತ್ತದೆ. ಬೆಂಗಳೂರು ಮತ್ತು ಫ್ರಾಂಕ್‌ಫರ್ಟ್ ಮೂಲಕ 16,900ಕ್ಕೆ ಹತ್ತಿರ, ಸಿಂಗಪುರದ ಮೂಲಕ 17,000 ದಾಟುತ್ತದೆ. ಆದರೆ ಇವೆಲ್ಲ ದಾರ ಎಳೆದ ಅಂಕಿಗಳು. ವಿಮಾನ ಹಾರುವ ದಾರಿ ಬೇರೆ, ಅದಕ್ಕೆ ಕಾರಣ ಒಂದಲ್ಲ.

ಮೊದಲನೆಯದು ಟಿಬೆಟ್. ಆ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಇಳಿದುಹೋದರೆ ಪೈಲಟ್ ತಕ್ಷಣ ಸುಮಾರು 3,000 ಮೀಟರ್ ಎತ್ತರಕ್ಕೆ, ಅಂದರೆ ಮನುಷ್ಯ ಮುಖವಾಡವಿಲ್ಲದೆ ಉಸಿರಾಡಬಹುದಾದ ಮಟ್ಟಕ್ಕೆ ಇಳಿಸಬೇಕು. ತಲೆಯ ಮೇಲಿಂದ ಬೀಳುವ ಆಮ್ಲಜನಕದ ಮುಖವಾಡಗಳು ಕಾಲು ಗಂಟೆಯ ಆಸುಪಾಸಿಗೆ ಮಾತ್ರ ಸಾಕಾಗುತ್ತವೆ. ಕೆಳಗಿನ ನೆಲವೇ 4,500 ಮೀಟರ್ ಎತ್ತರದಲ್ಲಿದ್ದರೆ ಇಳಿಸುವುದು ಎಲ್ಲಿಗೆ? ಆದ್ದರಿಂದ ಬಹುಪಾಲು ವಿಮಾನಗಳು ಟಿಬೆಟನ್ನು ಬಳಸಿಕೊಂಡು ಹೋಗುತ್ತವೆ.

ಎರಡನೆಯದು ಗಾಳಿ, ಇದೇ ನಿಜವಾದ ಯಜಮಾನ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ, ಮುಖ್ಯವಾಗಿ ಜಪಾನಿನ ಮೇಲೆ, ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ವಿಮಾನದ ವೇಗ 900 ಎಂದರೆ ಅದು ಗಾಳಿಗೆ ಸಂಬಂಧಿಸಿದ ವೇಗ. ನೆಲದ ಮೇಲೆ ಎಷ್ಟು ಸರಿಯಿತು ಎಂಬುದು ಗಾಳಿಯ ವೇಗವನ್ನು ಕೂಡಿಸಿದ ಅಥವಾ ಕಳೆದ ಮೇಲಿನ ಲೆಕ್ಕ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ದಿನ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೊಳಗೆ, 4 ಗಂಟೆ 56 ನಿಮಿಷಗಳಲ್ಲಿ ಬಂದಿಳಿದಿತ್ತು. ಅದೇ ದಾರಿಗೆ ಮಾಮೂಲಾಗಿ ಆರರಿಂದ ಏಳು ಗಂಟೆ ಬೇಕು.

ನಿಮ್ಮ ದಾರಿಗೇ ಸಂಬಂಧಿಸಿದ ಉದಾಹರಣೆ ಬೇಕೆಂದರೆ 2016ರ ಅಕ್ಟೋಬರ್ ನೋಡಿ. ಏರ್ ಇಂಡಿಯಾ ತನ್ನ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಕಡೆಯ ದಾರಿ ಬಿಟ್ಟು ಪೆಸಿಫಿಕ್ ಸಾಗರದ ಮೇಲೆ ಕಳುಹಿಸಿತು. ಎರಡು ಊರುಗಳ ನಡುವಿನ ಮಹಾವೃತ್ತದ ದೂರ 12,400 ಕಿ.ಮೀ. ಮಾತ್ರ, ವಿಮಾನ ಹಾರಿದ್ದು 15,300 ಕಿ.ಮೀ., ತೆಗೆದುಕೊಂಡದ್ದು ಹದಿನಾಲ್ಕೂವರೆ ಗಂಟೆ. ಭಾಗಿಸಿ ನೋಡಿ, ಗಂಟೆಗೆ ಸರಾಸರಿ 1,055 ಕಿ.ಮೀ. ಸುಮಾರು ಮೂರು ಸಾವಿರ ಕಿ.ಮೀ. ಸುತ್ತು ಹಾಕಿಯೂ ಹಳೆಯ ದಾರಿಗಿಂತ ಬೇಗ ತಲುಪಿತು, ಇಂಧನವೂ ಉಳಿಯಿತು. ಆದ್ದರಿಂದಲೇ ದೂರ ನೋಡಿ ಹೊತ್ತು ಅಳೆಯಬಾರದು ಎಂದು ನಮ್ಮಲ್ಲಿ ಹೊಸ ಹುಡುಗರಿಗೆ ಹೇಳುವುದು.

ವಾಪಸು ಬರುವಾಗ ಅದೇ ಗಾಳಿ ಎದುರಾಗುತ್ತದೆ, ಆಗ ಧ್ರುವದ ಕಡೆಯ ದಾರಿ ಲೇಸು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಮೊದಲ ನೇರ ವಿಮಾನ ನಿಮಗೆ ನೆನಪಿರಬಹುದು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ ಇದ್ದ ಆ 777 ವಿಮಾನ ಉತ್ತರ ಧ್ರುವದ ಮೇಲಿಂದ ಹಾದು ಸುಮಾರು ಹದಿನೇಳು ಗಂಟೆಯಲ್ಲಿ ಬಂದಿತು. 9ರ ರಾತ್ರಿ 8.30ಕ್ಕೆ ಹೊರಟದ್ದು, 11ರ ನಸುಕಿನಲ್ಲಿ ಮೂರು ಗಂಟೆ ದಾಟಿದ ಮೇಲೆ ಇಳಿಯಿತು. ಅದರಲ್ಲಿದ್ದವರಿಗೆ ಜನವರಿ 10 ಪೂರ್ತಿ ಆಕಾಶದಲ್ಲೇ ಕಳೆಯಿತು. ಆ ಸೇವೆ ನಡುವೆ ನಿಂತು 2022ರ ಡಿಸೆಂಬರಿನಲ್ಲಿ ಮತ್ತೆ ಶುರುವಾಗಿತ್ತು. ಇಂಥ ನೇರ ಸೇವೆಗಳು ಬರುತ್ತವೆ, ಹೋಗುತ್ತವೆ. ನೆರೆಮನೆಯವರು ಹೋದ ವಿಮಾನ ನೀವು ಹೊರಡುವ ತಿಂಗಳಲ್ಲಿ ಇದೆಯೇ ಎಂದು ನೋಡಿಯೇ ಯೋಜನೆ ಮಾಡಿ.

ಧ್ರುವದ ದಾರಿಗೂ ಅದರದೇ ಕಟ್ಟುಪಾಡುಗಳಿವೆ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಗಟ್ಟಿಯಾಗತೊಡಗುತ್ತದೆ, ಹೊರಗೆ ಮೈನಸ್ 60 ಇರುವ ದಿನಗಳೂ ಉಂಟು. ಟ್ಯಾಂಕಿನ ಉಷ್ಣತೆ ಇಳಿಯುತ್ತ ಬಂದರೆ ಪೈಲಟ್ ಕೆಳಗಿನ ಬೆಚ್ಚನೆಯ ಪದರಕ್ಕೆ ಇಳಿಯಬೇಕು ಅಥವಾ ವೇಗ ಹೆಚ್ಚಿಸಬೇಕು. ತೊಂದರೆಯಾದರೆ ಇಳಿಯಲು ಹತ್ತಿರದಲ್ಲಿ ನಿಲ್ದಾಣಗಳಿರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಸುರಕ್ಷಿತವಾಗಿ ಇಳಿದದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಇನ್ನು ದೇಶಗಳ ಜಗಳ. 2022ರಿಂದ ರಷ್ಯಾದ ಆಕಾಶ ಅಮೆರಿಕ, ಯುರೋಪಿನ ಕಂಪೆನಿಗಳಿಗೆ ಮುಚ್ಚಿದೆ, ಭಾರತ ಮತ್ತು ಕೊಲ್ಲಿಯ ಕಂಪೆನಿಗಳಿಗೆ ತೆರೆದಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದ ಮೇಲೆ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ದಕ್ಷಿಣಕ್ಕೆ ಬಳಸಿ ಹೋಗಬೇಕಾಯಿತು. ಎರಡೇ ತಿಂಗಳಲ್ಲಿ, ಜೂನ್‌ನಲ್ಲಿ, ಇರಾನ್ ಇಸ್ರೇಲ್ ಸಂಘರ್ಷದಿಂದ ಕೊಲ್ಲಿಯ ಕಡೆಯ ವೇಳಾಪಟ್ಟಿಯೂ ಏರುಪೇರಾಯಿತು. ಹಾಗಾಗಿ ಟಿಕೆಟ್ ಮಾಡಿಸಿದ ದಿನ ಕಂಡ ಹೊತ್ತು ಹೊರಡುವ ದಿನಕ್ಕೆ ಅರ್ಧ ಒಂದು ಗಂಟೆ ಬದಲಾಗಿದ್ದರೆ ಗಾಬರಿಯಾಗಬೇಡಿ.

ನಿಮ್ಮ ಎದುರಿನ ಸೀಟಿನ ಬೆನ್ನಲ್ಲಿ ಪರದೆ ಇರುತ್ತದೆ. ಅದರಲ್ಲಿ ಸಿನಿಮಾ ಬಿಟ್ಟು ನಕ್ಷೆಯನ್ನು ತೆರೆದಿಟ್ಟರೆ ನೆಲವೇಗ, ಎತ್ತರ, ಹೊರಗಿನ ಉಷ್ಣತೆ, ಎದುರುಗಾಳಿಯೋ ಹಿಂಗಾಳಿಯೋ ಎಲ್ಲ ಸಾಲಾಗಿ ಬರುತ್ತಿರುತ್ತವೆ. ಲೆಕ್ಕ ಬಲ್ಲವರಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಕಳೆಯುವ ದಾರಿ ಇಲ್ಲ.

ಫ್ರೀಮಾಂಟ್ ಕಟಪಾಡಿ

ಕಾಪುವಿನ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಕಡಿಮೆ ಸುತ್ತಿನ ದಾರಿಯೇ ನಿಮ್ಮಿಬ್ಬರಿಗೆ ಒಳ್ಳೆಯದು ಎಂಬ ಅರ್ಥ ಅದರಿಂದ ಬರಬಾರದೆಂದು ಬರೆಯುತ್ತಿದ್ದೇನೆ. ನಮ್ಮ ಅತ್ತೆ ಮಾವನವರನ್ನು ಇಲ್ಲಿ ಕ್ಯಾಲಿಫೋರ್ನಿಯಕ್ಕೆ ಕರೆಸಿಕೊಂಡ ಅನುಭವದಲ್ಲಿ ಹೇಳುವುದಾದರೆ, ಮೊಣಕಾಲು ನೋವಿರುವವರಿಗೆ ಒಂದೇ ಸೀಟಿನಲ್ಲಿ ಹದಿನಾರು ಗಂಟೆ ಎಂಬುದು 26 ಗಂಟೆಯ ಪ್ರಯಾಣಕ್ಕಿಂತ ದೊಡ್ಡ ಶಿಕ್ಷೆ. ಯುರೋಪಿನ ದಾರಿಯಲ್ಲಿ ದೂರ ಎರಡೂವರೆ ಸಾವಿರ ಕಿ.ಮೀ.ಗೂ ಹೆಚ್ಚಾದರೂ ಅದು ಒಂಬತ್ತು-ಹತ್ತು ಗಂಟೆಯ ಮತ್ತು ಹನ್ನೊಂದು ಗಂಟೆಯ ಎರಡು ತುಂಡುಗಳಾಗುತ್ತದೆ, ನಡುವೆ ಕಾಲು ಚಾಚಿ ನಡೆದಾಡಬಹುದು. ದುಬೈ ದಾರಿಯಲ್ಲಿ ಮೊದಲ ತುಂಡು ಚಿಕ್ಕದು, ಎರಡನೆಯದು ಹದಿನಾರೂವರೆ. ಸುತ್ತೂ ಆಯಿತು, ಉದ್ದ ಕೂರುವುದೂ ತಪ್ಪಲಿಲ್ಲ. ವೈದ್ಯರನ್ನು ಕೇಳಿ ಕಾಲಿಗೆ ಹಾಕುವ ಬಿಗಿ ಸಾಕ್ಸ್ ತೆಗೆದುಕೊಳ್ಳಿ, ನಡುಹಾದಿಯ ಬದಿಯ ಸೀಟು ಕೇಳಿ ಪಡೆಯಿರಿ.

ಅಬುಧಾಬಿಯ ಮೂಲಕ ಒಂದೇ ಟಿಕೆಟ್ ಸಿಕ್ಕಿದರೆ ಅದಕ್ಕೊಂದು ಅನುಕೂಲವಿದೆ. ಅಮೆರಿಕದ ಇಮಿಗ್ರೇಶನ್ ತಪಾಸಣೆಯನ್ನು ಅಲ್ಲಿಯೇ, ವಿಮಾನ ಹತ್ತುವ ಮೊದಲೇ ಮುಗಿಸುವ ವ್ಯವಸ್ಥೆ 2014ರಿಂದ ಇದೆ. ಇಲ್ಲಿ ಇಳಿದ ಮೇಲೆ ನಿದ್ದೆಗಣ್ಣಿನಲ್ಲಿ ಮತ್ತೊಂದು ಸರದಿಯಲ್ಲಿ ನಿಲ್ಲಬೇಕಾಗಿಲ್ಲ. ಆದರೆ ಅಲ್ಲಿ ಕಾಯುವ ಹೊತ್ತು ಸಾಕಷ್ಟಿರಬೇಕು, ಒಂದೂವರೆ ಗಂಟೆಯ ಕನೆಕ್ಷನ್ ಎಂದರೆ ಬೇಡವೆನ್ನಿ.

ಪರ್ಕಳದ ನಿವಾಸಿ

ಈಗ ಮನಸ್ಸು ತಿಳಿಯಾಯಿತು. ಒಂದೇ ಟಿಕೆಟ್, ಎರಡು ಸಮ ತುಂಡುಗಳ ದಾರಿ ಎಂದು ನಿಶ್ಚಯಿಸಿದ್ದೇವೆ. ಬರುವುದು ಜೂನ್ ಕೊನೆಗೆ. ಆಗಲೂ ಹದಿಮೂರೂವರೆ ಗಂಟೆಯನ್ನೇ ಕೂಡಿಸಬೇಕೇ ಮಾಷ್ಟ್ರೇ?

ಸುರತ್ಕಲ್ ಮಾಷ್ಟ್ರು

ಇಲ್ಲ ಅಮ್ಮ, ಹನ್ನೆರಡೂವರೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ನಮ್ಮಲ್ಲಿ ಅಂಥ ಪದ್ಧತಿ ಇಲ್ಲದ್ದರಿಂದ ಜೂನ್‌ನಲ್ಲಿ ಅಂತರ ಒಂದು ಗಂಟೆ ಕಡಿಮೆ. ಹೋಗುವಾಗ ಗಡಿಯಾರದಲ್ಲಿ ಕಾಣುವ ಹೊತ್ತಿಗೆ ಅಂತರವನ್ನು ಕೂಡಿಸಬೇಕು, ಬರುವಾಗ ಕಳೆಯಬೇಕು. ಉದಾಹರಣೆಗೆ ಅಲ್ಲಿ ಸೋಮವಾರ ಮಧ್ಯಾಹ್ನ 3ಕ್ಕೆ ಹೊರಟು ಬೆಂಗಳೂರಿಗೆ ಬುಧವಾರ ನಸುಕು 2ಕ್ಕೆ ಬಂದರೆ ಗಡಿಯಾರದಲ್ಲಿ 35 ಗಂಟೆ ಕಾಣುತ್ತದೆ; ಹನ್ನೆರಡೂವರೆ ಕಳೆದರೆ ನಿಜವಾದ ಪ್ರಯಾಣ ಇಪ್ಪತ್ತೆರಡೂವರೆ ಗಂಟೆ.

ಹಂಪನಕಟ್ಟೆ ಟಿಕೆಟ್

ಜೂನ್ ಕೊನೆ ಎಂದಿರಿ, ಆದ್ದರಿಂದ ಇಷ್ಟು ಸೇರಿಸುತ್ತೇನೆ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಮೋಡ ಕುಳಿತರೆ ವಿಮಾನ ಇಳಿಯಲಾಗದೆ ಬೆಂಗಳೂರಿಗೋ ಕೇರಳದ ಕಡೆಗೋ ತಿರುಗಿಸುವುದುಂಟು. ಬೆಂಗಳೂರಿನಿಂದ ಮಂಗಳೂರಿನ ಕೊನೆಯ ಆ ಮುನ್ನೂರು ಕಿ.ಮೀ. ತುಂಡನ್ನೂ ಅದೇ ಟಿಕೆಟ್‌ನಲ್ಲಿ ಸೇರಿಸಿಯೇ ಮಾಡಿಸಿ, ಹಾಗಾದರೆ ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವುದು ಅವರ ಜವಾಬ್ದಾರಿ. ಮಧ್ಯಾಹ್ನದ ಹೊತ್ತಿಗೆ ಇಳಿಯುವ ವಿಮಾನವನ್ನು ಆರಿಸಿಕೊಂಡರೆ, ಅದು ತಪ್ಪಿದರೂ ಅದೇ ದಿನ ಇನ್ನೊಂದು ಸಿಗುವ ಸಂಭವ ಹೆಚ್ಚು. ಉಡುಪಿ ಕಡೆಯಿಂದ ಕರೆಯಲು ಬರುವ ಕಾರಿನವರಿಗೆ ಮೂಲ್ಕಿಯಿಂದ ಕಿನ್ನಿಗೋಳಿ, ಕಟೀಲು ಮಾರ್ಗವಾಗಿ ಬರಲು ಹೇಳಿ, ವಿಮಾನ ಬೆಂಗಳೂರು ಬಿಟ್ಟಿತೆಂದು ಫೋನಿನಲ್ಲಿ ನೋಡಿಕೊಂಡ ಮೇಲೆಯೇ ಹೊರಡಲಿ. ಹೋಗುವಾಗ ಮಗಳಿಗೂ ಹಾಗೆಯೇ ತಿಳಿಸಿ: ವಿಮಾನ ಅಲ್ಲಿ 1ಕ್ಕೆ ಇಳಿದರೆ ತಪಾಸಣೆ, ಪೆಟ್ಟಿಗೆ, ವೀಲ್‌ಚೇರ್ ಎಲ್ಲ ಮುಗಿದು ನೀವು ಹೊರಗೆ ಕಾಣಿಸುವಾಗ ಎರಡೂವರೆಯಾದರೂ ಆದೀತು.